ಸೋತ ಸೈನಿಕರ ಮನಸ್ಸು ತಿಳಿದ ದಿವಾನರು

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಹಳೇ ಕಲ್ಲಿನ ಸೇತುವೆಯನ್ನು ನೀವು ನೋಡಿರುತ್ತೀರಿ. ಅದನ್ನು 1804ರಲ್ಲಿ ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಅದಕ್ಕೆ ಐದು ವರ್ಷ ಮೊದಲು ಅವರು ಇದೇ ಊರಿನಲ್ಲಿ ಸೋತ ಕಡೆಯ ಮಂತ್ರಿ. ಸೇತುವೆಗೆ ಇಟ್ಟ ಹೆಸರು ಮಾತ್ರ ಗೆದ್ದ ಕಡೆಯ ವೆಲ್ಲೆಸ್ಲಿಯದು. ಇದಕ್ಕೇ ಪೂರ್ಣಯ್ಯನವರನ್ನು ಅವಕಾಶವಾದಿ ಎನ್ನುವವರಿದ್ದಾರೆ. ಆ ಜಗಳಕ್ಕೆ ನಾವು ಹೋಗುವುದಿಲ್ಲ. ಜನರ ಭಯ, ಅಭಿಮಾನ ಅರಿತು ಕೆಲಸ ತೆಗೆಯುವುದಕ್ಕೆ ಈಗ ಕಂಪನಿಗಳಲ್ಲಿ 'ಭಾವನಾತ್ಮಕ ಬುದ್ಧಿವಂತಿಕೆ' ಅಂತ ಹೆಸರಿಟ್ಟು ತರಬೇತಿ ಕೊಡುತ್ತಾರೆ. ಪೂರ್ಣಯ್ಯನವರಿಗೆ ಅದು ಅನುಭವದಿಂದಲೇ ಬಂದಿತ್ತು.

1782ರ ಡಿಸೆಂಬರ್. ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲಿ ಹೈದರಾಲಿ ತೀರಿಕೊಂಡರು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹಬ್ಬಿದರೆ ದಂಡೇ ಒಡೆಯುತ್ತಿತ್ತು. ಪೂರ್ಣಯ್ಯ, ಕೃಷ್ಣರಾವ್ ಮುಂತಾದವರು ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಳುಹಿಸಿದರು. ಟಿಪ್ಪು ಬರುವ ತನಕ ಒಳಗಿನ ದುಃಖ ಮುಖದಲ್ಲಿ ಕಾಣದ ಹಾಗೆ ದಿನದ ಕೆಲಸ ನಡೆಸಿದರು.

ಆದರೆ ನಿಜವಾದ ಪರೀಕ್ಷೆ ಬಂದದ್ದು 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ. ಟಿಪ್ಪು ಇಲ್ಲ. ಗಾದಿಗೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗು. ಊರೂರಲ್ಲಿ ಕೆಲಸ ಕಳೆದುಕೊಂಡ ಸೈನಿಕರು. ಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಅಂಥವರನ್ನೇ ಸೇರಿಸಿಕೊಂಡು ದಂಗೆ ಎದ್ದಿದ್ದ. ಅವನನ್ನು ಹೊಡೆದುಹಾಕಲು 1800ರ ಸೆಪ್ಟೆಂಬರ್ ತನಕ ಬೇಕಾಯಿತು.

ಪೂರ್ಣಯ್ಯನವರು ಮೊದಲು ಮಾಡಿದ್ದು ರೈತರ ಹಳೇ ಕಂದಾಯದ ಬಾಕಿಯನ್ನು ಪೂರ್ತಿ ಮನ್ನಾ ಮಾಡಿದ್ದು. ಆಮೇಲೆ ಕಂದಾಚಾರದ ಪಡೆ, ಅಂದರೆ ತಮ್ಮ ಊರಲ್ಲೇ ಇದ್ದು ಕಾವಲು ಕಾಯುವ ಪಡೆಗೆ, ಮೊದಲು ಆಯುಧ ಹಿಡಿಯುತ್ತಿದ್ದ ಮನೆತನಗಳಿಂದ ಮನೆಗೊಬ್ಬರನ್ನಾದರೂ ಸೇರಿಸಿಕೊಳ್ಳಲು ನೋಡಿದರು. ಸಂಬಳ ಚಿಕ್ಕದು. ಆದರೆ ಸೋತು ತಲೆತಗ್ಗಿಸಿ ಕೂತವನಿಗೆ ಊರಿನವರ ಮುಂದೆ ಮತ್ತೆ ಒಂದು ಕೆಲಸ, ಒಂದು ಹೆಸರು. ಮನೆಯಲ್ಲಿ ಒಬ್ಬ ಸರ್ಕಾರದ ನೌಕರನಿದ್ದರೆ ಅವನ ಅಣ್ಣತಮ್ಮಂದಿರು ದಂಗೆಗೆ ಹೋಗುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇದರಲ್ಲಿ ಕರುಣೆಯೂ ಇದೆ, ಲೆಕ್ಕಾಚಾರವೂ ಇದೆ. ಎರಡನ್ನೂ ಬೇರೆ ಮಾಡಲು ನಮಗಂತೂ ಆಗಲಿಲ್ಲ.

ಇಷ್ಟೆಲ್ಲ ತಿಳಿದವರು ಎಡವಿದ್ದು ಕೊನೆಯಲ್ಲಿ. ಗಾದಿಯ ಮೇಲಿದ್ದ ಮಗು ಬೆಳೆದು, ಇನ್ನು ರಾಜ್ಯವನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಾಗ ಪೂರ್ಣಯ್ಯನವರಿಗೆ ಅಧಿಕಾರ ಬಿಡುವುದು ಕಷ್ಟವಾಯಿತು. ಇಬ್ಬರ ನಡುವೆ ಮನಸ್ತಾಪ ಬೆಳೆಯಿತು. 1811ರ ಕೊನೆಗೆ ದಿವಾನಗಿರಿ ಬಿಟ್ಟು ಶ್ರೀರಂಗಪಟ್ಟಣಕ್ಕೆ ಬಂದರು. ಮುಂದಿನ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡರು.