ಅಂತರರಾಷ್ಟ್ರೀಯ ಕಾಲ್ಚೆಂಡು ಪಂದ್ಯಾವಳಿಗಳ ಉದಯ ಮತ್ತು ‘ನಾಡಿನ ತಂಡ’ವೆಂಬ ಕಲ್ಪನೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿತು. ಅದುವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಅದೇ ದಿನ ಹಂಚಿಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಸಿರುಗುಪ್ಪವೇ ಮೊದಲಾದವು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯೊಂದು ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ನ್ಯಾಯಮೂರ್ತಿ ವಾಂಛೂ ಅವರ ವರದಿಯ ಬಳಿಕವೂ ವಿವಾದದಲ್ಲಿ ಉಳಿದಿದ್ದ ಅದು, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಅನಂತರ ಮೈಸೂರಿಗೆ ಬಂದಿತು. ಆ ತಾಲ್ಲೂಕಿನೊಳಗಿದ್ದ ಕುರುಗೋಡಿನ ಬೆಟ್ಟವಾಗಲಿ ದೊಡ್ಡಬಸವೇಶ್ವರನ ಗುಡಿಯಾಗಲಿ ಇದ್ದಲ್ಲಿಂದ ಕದಲಲಿಲ್ಲ. ಆದರೂ ‘ನೀವು ಯಾವ ನಾಡಿನವರು?’ ಎಂದು ಕೇಳಿದವರಿಗೆ ಅಲ್ಲಿಯ ಜನ ಕೊಡಬೇಕಾದ ಉತ್ತರ ಬದಲಾಯಿತು.

ಇದೇ ಪ್ರಶ್ನೆಯು ಕಾಲ್ಚೆಂಡಾಟದ ಚರಿತ್ರೆಯಲ್ಲಿ ಮೊದಲಿನಿಂದಲೂ ಇದೆ. ಎರಡು ನಾಡುಗಳು ಎದುರುಬದುರಾಗಿ ಆಡುವುದೇ ಅಂತರರಾಷ್ಟ್ರೀಯ ಪಂದ್ಯವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಾಡುಗಳು ಮೊದಲೇ ಸಿದ್ಧವಾಗಿದ್ದು, ಅನಂತರ ಆಟಕ್ಕೆ ಬಂದವೆಂಬ ಭಾವನೆ ಈ ತಿಳಿವಳಿಕೆಯ ಹಿಂದೆ ಅಡಗಿದೆ. ಆರಂಭದ ಪಂದ್ಯಾವಳಿಗಳನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ತಂಡವು ಯಾರದು, ಅದರಲ್ಲಿ ಯಾರು ಆಡಬಹುದು, ಅದನ್ನು ಕಳುಹಿಸುವ ಅಧಿಕಾರ ಯಾರಿಗೆ ಎಂಬ ವಿವಾದಗಳೊಡನೆಯೇ ಆ ಪಂದ್ಯಾವಳಿಗಳು ಬೆಳೆದುವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಧಿಕೃತವೆಂದು ಎಣಿಸಲಾಗಿರುವ ಮೊದಲ ಅಂತರರಾಷ್ಟ್ರೀಯ ಪಂದ್ಯವು 1872ರ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಪಾರ್ಟಿಕ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳ ನಡುವೆ ನಡೆಯಿತು. ಯಾರಿಂದಲೂ ಗೋಲು ಬರಲಿಲ್ಲ. 1883-84ರಲ್ಲಿ ವೇಲ್ಸ್ ಮತ್ತು ಐರ್ಲೆಂಡುಗಳೂ ಸೇರಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ಏರ್ಪಟ್ಟಿತು, ಸ್ಕಾಟ್ಲೆಂಡ್ ಗೆದ್ದಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ನಾಲ್ಕೂ ಒಂದೇ ರಾಜಸತ್ತೆಗೆ ಒಳಪಟ್ಟ ಭಾಗಗಳು. ಒಂದಕ್ಕೂ ಪ್ರತ್ಯೇಕ ಸಾರ್ವಭೌಮತ್ವವಿರಲಿಲ್ಲ. ಇದ್ದುದು ತಮ್ಮ ತಮ್ಮ ಕಾಲ್ಚೆಂಡು ಸಂಘ ಮಾತ್ರ. ಆದುದರಿಂದ ಮೈದಾನದಲ್ಲಿ ‘ರಾಷ್ಟ್ರ’ವೆಂದರೆ ಸಂಘವುಳ್ಳ ಪ್ರದೇಶವೆಂಬ ಅರ್ಥ ಮೊದಲ ದಿನದಿಂದಲೇ ನೆಲೆಗೊಂಡಿತು.

1904ರ ಮೇ 21ರಂದು ಪ್ಯಾರಿಸಿನಲ್ಲಿ ಫಿಫಾ ಸ್ಥಾಪನೆಯಾಯಿತು. ಅಷ್ಟರಿಂದಲೇ ಈ ಕಲ್ಪನೆ ಸ್ಪಷ್ಟವಾಯಿತೆನ್ನಲಾಗದು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಹೆಸರಿನಲ್ಲಿ ಆಡಿದ್ದುದು ಅಪ್ಟನ್ ಪಾರ್ಕ್ ಎಂಬ ಒಂದು ಕ್ಲಬ್ಬು. 1908ರ ಲಂಡನ್ ಒಲಿಂಪಿಕ್ಸ್‌ಗೆ ಫ್ರಾನ್ಸ್ ಎರಡು ತಂಡಗಳನ್ನು ಕಳುಹಿಸಿತು. ಡೆನ್ಮಾರ್ಕ್ ಒಂದನ್ನು 9-0ರಿಂದಲೂ ಇನ್ನೊಂದನ್ನು 17-1ರಿಂದಲೂ ಸೋಲಿಸಿತು. ಒಂದು ದೇಶಕ್ಕೆ ಒಂದೇ ತಂಡವೆಂಬ ಈಗಿನ ಸಹಜ ನಿಯಮವು ಆಗಿನ್ನೂ ಸಹಜವಾಗಿರಲಿಲ್ಲ.

ತಂಡದೊಳಗೆ ಯಾರು ಇರಬಹುದೆಂಬ ಪ್ರಶ್ನೆ ಇದಕ್ಕಿಂತ ಕಹಿಯಾದುದು. 1916ರಲ್ಲಿ ದಕ್ಷಿಣ ಅಮೆರಿಕದ ಮೊದಲ ಪಂದ್ಯಾವಳಿಯು ಬ್ಯೂನಸ್ ಐರಿಸ್‌ನಲ್ಲಿ ನಡೆದಾಗ ಉರುಗ್ವೆ ಚಿಲಿಯನ್ನು 4-0ರಿಂದ ಸೋಲಿಸಿತು. ಎದುರಾಳಿಗಳು ಇಬ್ಬರು ‘ಆಫ್ರಿಕನ್ನ’ರನ್ನು ಆಡಿಸಿದರೆಂದು ಚಿಲಿ ಆಕ್ಷೇಪಿಸಿತು. ಆ ಇಬ್ಬರು, ಇಸಬೆಲಿನೊ ಗ್ರಾದಿನ್ ಮತ್ತು ಹುವಾನ್ ದೆಲ್ಗಾದೊ, ಉರುಗ್ವೆಯ ಪ್ರಜೆಗಳೇ ಆಗಿದ್ದರು. ಆಕ್ಷೇಪ ನಿಲ್ಲಲಿಲ್ಲ, ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವನೂ ಗ್ರಾದಿನ್ನನೇ. ನಾಡಿಗೆ ಸೇರಿದವನೆಂಬುದನ್ನು ಮೈಬಣ್ಣದಿಂದ ಅಳೆಯುವ ಯತ್ನ ಅಲ್ಲಿ ಸೋತಿತು.

1930ರ ಜುಲೈ ತಿಂಗಳಲ್ಲಿ ಮಾಂಟೆವಿಡಿಯೊದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಹದಿಮೂರು ತಂಡಗಳಲ್ಲಿ ಐರೋಪ್ಯ ತಂಡಗಳು ನಾಲ್ಕೇ. ಅಂತಿಮ ಪಂದ್ಯಕ್ಕೆ ಯಾರ ಚೆಂಡನ್ನು ಬಳಸಬೇಕೆಂಬುದಕ್ಕೂ ಜಗಳವಾಗಿ, ಮೊದಲರ್ಧ ಅರ್ಜೆಂಟೀನಾದ ಚೆಂಡಿನಲ್ಲಿಯೂ ಎರಡನೆಯ ಅರ್ಧ ಉರುಗ್ವೆಯ ಚೆಂಡಿನಲ್ಲಿಯೂ ಆಟ ನಡೆಯಿತು. ಮೊದಲರ್ಧದಲ್ಲಿ 2-1ರಿಂದ ಮುಂದಿದ್ದ ಅರ್ಜೆಂಟೀನಾ ಕೊನೆಗೆ 4-2ರಿಂದ ಸೋತಿತು. ಆ ದಿನ ಸೋತವರಲ್ಲಿ ಒಬ್ಬನಾದ ಲೂಯಿಸ್ ಮೊಂಟಿಯು 1934ರಲ್ಲಿ ರೋಮಿನಲ್ಲಿ ಇಟಲಿಯ ಪರವಾಗಿ ಆಡಿ ವಿಶ್ವಕಪ್ ಗೆದ್ದನು. ಎರಡು ದೇಶಗಳ ಪರವಾಗಿ ಅಂತಿಮ ಪಂದ್ಯವಾಡುವುದು ಅಂದು ಸಾಧ್ಯವಿದ್ದಿತು.

ಮೊಂಟಿಯು ನಾಡನ್ನು ಬದಲಿಸಿದನು. 1938ರಲ್ಲಿ ನಾಡೇ ಆಟಗಾರರ ಕಾಲಡಿಯಿಂದ ಜಾರಿತು. ವಿಶ್ವಕಪ್ಪಿಗೆ ಅರ್ಹತೆ ಪಡೆದಿದ್ದ ಆಸ್ಟ್ರಿಯವನ್ನು ಆ ವರ್ಷದ ಮಾರ್ಚಿಯಲ್ಲಿ ಜರ್ಮನಿ ತನ್ನೊಳಗೆ ಸೇರಿಸಿಕೊಂಡಿತು. ಅದರ ಆಟಗಾರರಲ್ಲಿ ಕೆಲವರು ಜರ್ಮನಿಯ ತಂಡದಲ್ಲಿ ಆಡಿದರು. ಅವರಲ್ಲೆಲ್ಲ ಶ್ರೇಷ್ಠನಾದ ಸಿಂದೆಲಾರ್ ಆಡಲಿಲ್ಲ. ಕೂಡಿಸಿದ ಆ ತಂಡ ಮೊದಲ ಸುತ್ತಿನಲ್ಲಿಯೇ ಸ್ವಿಟ್ಜರ್ಲೆಂಡಿಗೆ ಸೋತಿತು. ವಿಶ್ವಕಪ್ಪಿನಲ್ಲಿ ಆಡಿದ ಏಷ್ಯಾದ ಮೊದಲ ತಂಡವೂ ಅದೇ ವರ್ಷ ಕಾಣಿಸಿಕೊಂಡಿತು. ಅದರ ಹೆಸರು ಡಚ್ ಈಸ್ಟ್ ಇಂಡೀಸ್; ಇಂದಿನ ಇಂಡೊನೇಷ್ಯ. 1930ರಲ್ಲಿ ಯೋಗ್ಯಕರ್ತದಲ್ಲಿ ದೇಶೀಯರು ಸ್ಥಾಪಿಸಿದ ಸಂಘವೊಂದಿದ್ದರೂ ತಂಡವನ್ನು ಕಳುಹಿಸುವ ಅಧಿಕಾರ ಡಚ್ಚರ ಸಂಘದ್ದಾಗಿದ್ದಿತು. ಹಂಗರಿಯೊಡನೆ ಆಡಿದ ಒಂದೇ ಪಂದ್ಯದಲ್ಲಿ ತಂಡ 6-0ರಿಂದ ಸೋತಿತು. ಆಳುವವರ ಹೆಸರಿನಲ್ಲಿ ಆಡಬೇಕಾದವರ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ದಂಡಿನ ಸೈನಿಕರು, ಮಿಶನ್ ಶಾಲೆಗಳು, ರೈಲ್ವೆ: ಈ ಮೂರು ದಾರಿಗಳಿಂದ ಕಾಲ್ಚೆಂಡು ಭಾರತದಲ್ಲಿ ಹರಡಿತು. ಏಷ್ಯಾದಲ್ಲಿಯೇ ಹಳೆಯದಾದ ಡ್ಯೂರಾಂಡ್ ಪಂದ್ಯಾವಳಿಯು 1888ರಲ್ಲಿ ಸೈನಿಕರ ಪಂದ್ಯಾವಳಿಯಾಗಿಯೇ ಮೊದಲಾಯಿತು. ಬಳ್ಳಾರಿಯಲ್ಲಿ ಈ ಮೂರೂ ಇದ್ದುವೆಂಬುದನ್ನು ನಾವು ಮರೆಯಬಾರದು. ಆದರೆ 1941ರಲ್ಲಿ ಸಂತೋಷ್ ಟ್ರೋಫಿ ಆರಂಭವಾದಾಗ ತಂಡಗಳು ಪ್ರಾಂತ ಮತ್ತು ಸಂಸ್ಥಾನಗಳ ಹೆಸರಿನಲ್ಲಿ ಏರ್ಪಟ್ಟವು. 1946-47ರಲ್ಲಿಯೂ 1952-53ರಲ್ಲಿಯೂ ಮೈಸೂರು ಈ ಟ್ರೋಫಿಯನ್ನು ಗೆದ್ದಾಗ, ಆಡಳಿತದ ಲೆಕ್ಕದಲ್ಲಿ ಬಳ್ಳಾರಿಯು ಮದರಾಸಿನ ಪಾಲಿಗೆ ಸೇರಿದ್ದಿತು. ಭಾಷೆಯಿಂದ ತಮ್ಮವರಾದವರ ಗೆಲುವು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕನ್ನಡಿಗರಿಗೆ ಲೆಕ್ಕದಲ್ಲಿ ಪರನಾಡಿನ ಗೆಲುವಾಗಿದ್ದಿತು.

ಈ ನಡುವೆ, 1948ರ ಜುಲೈ 31ರಂದು, ಸ್ವತಂತ್ರ ಭಾರತದ ತಂಡವು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸನ್ನು ಎದುರಿಸಿತು. ನಾಯಕರಾದ ಟಿ. ಆವೊ ನಾಗಾ ಬೆಟ್ಟಗಳವರು. ಶೈಲೇನ್ ಮನ್ನಾ ಬಂಗಾಳದವರು. ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಜನಿಸಿದವರು. ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮಮಾಡಿದರೂ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ 2-1ರಿಂದ ಗೆದ್ದಿತು. ಸೋತರೂ ಒಂದು ವಿಷಯದಲ್ಲಿ ಈ ತಂಡವು ಡಚ್ ಈಸ್ಟ್ ಇಂಡೀಸಿನ ತಂಡಕ್ಕಿಂತ ಭಿನ್ನವಾಗಿದ್ದಿತು: ಅದು ತನ್ನದೇ ಹೆಸರಿನಲ್ಲಿ ಆಡಿತು. ಒಂದು ವರ್ಷವೂ ತುಂಬದ ಸ್ವತಂತ್ರ ರಾಷ್ಟ್ರವು ಸಂಸ್ಥಾನವೆಂದೂ ಪ್ರಾಂತವೆಂದೂ ಎಣಿಸದೆ ಹನ್ನೊಂದು ಜನರನ್ನು ಮೈದಾನಕ್ಕೆ ಇಳಿಸಿದ್ದಿತು.

1967-68 ಮತ್ತು 1968-69ರಲ್ಲಿ ಮೈಸೂರು ಮತ್ತೆ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಬಳ್ಳಾರಿಯು ಆ ಹೆಸರಿನೊಳಗೆ ಬಂದಿದ್ದಿತು. 1973ರಲ್ಲಿ ಆ ಹೆಸರೂ ಹೋಗಿ ಕರ್ನಾಟಕವಾಯಿತು. 2023ರ ಮಾರ್ಚ್ 4ರಂದು ಕರ್ನಾಟಕವು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಐದನೆಯ ಬಾರಿಗೆ ಟ್ರೋಫಿ ಪಡೆಯಿತು. ಹಿಂದಿನ ನಾಲ್ಕನ್ನೂ ದಾಖಲೆಗಳು ಕರ್ನಾಟಕದ ಲೆಕ್ಕಕ್ಕೇ ಸೇರಿಸುತ್ತವೆ. ಹಾಗೆ ಸೇರಿಸುವುದು ತಪ್ಪಲ್ಲ. ಆದರೆ ಆ ನಾಲ್ಕರಲ್ಲಿ ಮೊದಲಿನ ಎರಡನ್ನು ಗೆದ್ದ ನಾಡಿನ ಗಡಿಯು ಕುರುಗೋಡಿನವರೆಗೆ ಬಂದಿರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ನೆನಪಿಡಬೇಕು.

ಪಂದ್ಯದ ಫಲಿತಾಂಶವನ್ನು ಓದುವಾಗ ನಾವು ಅಂಕೆಗಳನ್ನು ನೋಡುತ್ತೇವೆ. ಅಂಕೆಗಳ ಎಡಬಲಗಳಲ್ಲಿರುವ ಹೆಸರುಗಳನ್ನು ಪ್ರಶ್ನಿಸುವುದಿಲ್ಲ. ಆ ಹೆಸರಿನೊಳಗೆ ಅಂದು ಯಾರಿದ್ದರು, ಯಾರು ಹೊರಗುಳಿದರು ಎಂದು ಕೇಳಿದಾಗಲೇ ಕ್ರೀಡೆಯ ದಾಖಲೆಯು ಚರಿತ್ರೆಯ ಆಧಾರವಾಗುತ್ತದೆ. ಹೊರಗುಳಿಯುವುದೆಂದರೇನೆಂಬುದನ್ನು ಬಳ್ಳಾರಿಯ ಜನ ಪುಸ್ತಕದಿಂದ ಕಲಿಯಬೇಕಾಗಿಲ್ಲ.