ಸಿದ್ದಾಪುರದ ಸಿಎಂ, ಶಿರಸಿಯ ಸ್ಪೀಕರ್, ಯಲ್ಲಾಪುರದ ಒಂದು ರಾಜೀನಾಮೆ

2024ರ ಆಗಸ್ಟ್‌ನಲ್ಲಿ ಇರಾನಿನ ಹೊಸ ಅಧ್ಯಕ್ಷ ಪೆಜೆಶ್ಕಿಯಾನ್ 19 ಮಂತ್ರಿಗಳ ಪಟ್ಟಿ ಹಿಡ್ಕೊಂಡು ಅಲ್ಲಿನ ಸಂಸತ್ತಿಗೆ ಹೋದ್ರು. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ವೋಟು. ಕೊನೆಗೆ 19ಕ್ಕೆ 19 ಪಾಸ್! ಅಮೆರಿಕದಲ್ಲೂ ಹೀಗೇ. 2025ರ ಜನವರಿಯಲ್ಲಿ ರಕ್ಷಣಾ ಮಂತ್ರಿ ಹೆಗ್ಸೆತ್ ಹೆಸರಿಗೆ ಸೆನೆಟ್‌ನಲ್ಲಿ 50-50 ಸಮ ಆಗಿ, ಉಪಾಧ್ಯಕ್ಷರು ಬಂದು ತಮ್ಮ ಒಂದು ವೋಟು ಹಾಕಿ ದಾಟಿಸಿದ್ರು.

ಇದನ್ನ ಹೇಳಿದಾಗ ಕ್ಲಾಸಲ್ಲಿ ಒಬ್ಬ ಕೇಳಿದ: "ನಮ್ಮಲ್ಲಿ ಮಂತ್ರಿಗಳಿಗೆ ಯಾರೂ ವೋಟೇ ಹಾಕಲ್ವಲ್ಲ, ಯಾಕೆ?"

ಹಾಕ್ತಾರೆ. ಆದ್ರೆ ಬಿಡಿಬಿಡಿಯಾಗಿ ಅಲ್ಲ, ಇಡೀ ಗಂಟಿಗೆ ಒಂದೇ ವೋಟು. ಸಂವಿಧಾನದ 164ನೇ ವಿಧಿ ನೋಡಿ. ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಅಂತ ಇದೆ. ಸಿಎಂ ಬಿದ್ರೆ ಎಲ್ಲರೂ ಬಿದ್ದಂಗೆ. ಈ ಒಂದು ವೋಟು ಹೇಗೆ ಹುಟ್ಟುತ್ತೆ, ಎಲ್ಲಿಂದ ಬರುತ್ತೆ ಅಂತ ನೋಡೋಕೆ ಬೆಂಗಳೂರಿಗೆ ಹೋಗೋದು ಬೇಡ. ನಮ್ಮ ಮೂರು ತಾಲೂಕು ಸಾಕು.

ಮೊದಲು ಸಿದ್ದಾಪುರ.

ದೊಡ್ಮನೆಯ ರಾಮಕೃಷ್ಣ ಹೆಗಡೆ. ಹುಟ್ಟಿದ್ದು 1926, ವಿಧಾನಸಭೆಗೆ ಮೊದಲು ಆಯ್ಕೆಯಾಗಿದ್ದು 1957ರಲ್ಲಿ. 1983ರ ಜನವರಿಯ ಚುನಾವಣೆಯಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ಸಿಎಂ ಗುಂಡೂರಾವ್ ತಮ್ಮ ಕ್ಷೇತ್ರದಲ್ಲೇ ಸೋತ್ರು. ಆದ್ರೆ ಗೆದ್ದವರು ಯಾರು? 224ರಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82. ಬಹುಮತಕ್ಕೆ 113 ಬೇಕು, ಯಾರ ಹತ್ರನೂ ಇಲ್ಲ.

ಇಲ್ಲಿ ನಡೆದಿದ್ದನ್ನ ಇವತ್ತು ಕೇಳಿದ್ರೆ ನಂಬೋದು ಕಷ್ಟ. ಬಿಜೆಪಿಯ 18, ಸಿಪಿಐನ 3, ಸಿಪಿಎಂನ 3, ಎಲ್ಲವೂ ಒಂದೇ ಕಡೆ! ಜೊತೆಗೆ ಪಕ್ಷೇತರರು. ಕಾಂಗ್ರೆಸ್ ಬೇಡ ಅನ್ನೋದೊಂದೇ ಇವರೆಲ್ಲರನ್ನೂ ಕಟ್ಟಿದ ಹಗ್ಗ. ಹೊರಗಿನಿಂದ ಬೆಂಬಲ ಅಂದ್ರೆ ಇದೇ: ಸರ್ಕಾರ ನಿಮ್ಮದು, ಕುರ್ಚಿ ನಮಗೆ ಬೇಡ, ವೋಟಿನ ದಿನ ಕೈ ಎತ್ತುತ್ತೇವೆ. ಮನಸ್ಸು ಬದಲಾದ ದಿನ ಕೈ ಇಳಿಸುತ್ತೇವೆ ಅಂತಲೂ ಅರ್ಥ, ಅದು ಬೇರೆ ಮಾತು.

ಸಿಎಂ ಯಾರು ಅನ್ನೋದು ಇನ್ನೊಂದು ತಲೆನೋವು. ಸಿದ್ದಾಪುರದ ಗಡಿ ದಾಟಿದ್ರೆ ಸೊರಬ. ಅಲ್ಲಿನ ಬಂಗಾರಪ್ಪ ಕ್ರಾಂತಿರಂಗ ಕಟ್ಕೊಂಡು ಜನತಾ ಜೊತೆ ಸೇರಿ ಗೆದ್ದಿದ್ರು, ಕುರ್ಚಿ ತಮಗೇ ಅಂತ ಅವರ ಕಡೆಯವರ ಲೆಕ್ಕ. ಆದ್ರೆ ಆಯ್ಕೆಯಾಗಿದ್ದು ಆ ಹೊತ್ತಿಗೆ ಶಾಸಕರೂ ಅಲ್ಲದ, ರಾಜ್ಯಸಭೆಯಲ್ಲಿದ್ದ ಹೆಗಡೆ. ಒಂದು ತಾಲೂಕಿನ ಗಡಿಯ ಆಚೆ ಈಚೆ ಇಬ್ಬರು, ಒಂದು ಕುರ್ಚಿ. ಬಂಗಾರಪ್ಪ ಮುಂದೆ ಕಾಂಗ್ರೆಸ್ಸಿಗೆ ವಾಪಸ್ ಹೋಗಿ 1990ರಲ್ಲಿ ಸಿಎಂ ಆದ್ರು.

1983ರ ಜನವರಿ 10ರಂದು ಹೆಗಡೆ ಪ್ರಮಾಣವಚನ. ಶಾಸಕರಲ್ಲದವರು ಮಂತ್ರಿಯಾಗಬಹುದು, ಆದ್ರೆ ಆರು ತಿಂಗಳೊಳಗೆ ಗೆದ್ದು ಬರಬೇಕು. ಹೆಗಡೆಗೋಸ್ಕರ ಪಿ.ಜಿ.ಆರ್. ಸಿಂಧ್ಯಾ ಕನಕಪುರ ಬಿಟ್ಟುಕೊಟ್ರು. ಘಟ್ಟದ ಮೇಲಿನ ನಮ್ಮ ಹೆಗಡೆಯವರು ಕನಕಪುರದಲ್ಲಿ ಗೆದ್ದು ಶಾಸಕರಾದ್ರು.

ಆ ಮಂತ್ರಿಮಂಡಲದ ಹೆಸರುಗಳನ್ನ ನೋಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ: ಒಬ್ಬರು ಮುಂದೆ ಪ್ರಧಾನಿ, ಒಬ್ಬರು ಮುಂದೆ ಸಿಎಂ. ಪಂಚಾಯತ್ ರಾಜ್ ಅಬ್ದುಲ್ ನಜೀರ್ ಸಾಬ್ ಕೈಗೆ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂದ್ರು. ಇವರಲ್ಲಿ ಒಬ್ಬರ ಹೆಸರನ್ನೂ ಸದನ ಬಿಡಿಯಾಗಿ ಒಪ್ಪಿದ್ದಲ್ಲ, ಹೆಗಡೆ ಆರಿಸಿದ್ದು.

ನನಗೆ ಹೆಗಡೆ ಕಥೆಯಲ್ಲಿ ಹೆಚ್ಚು ಹಿಡಿಸೋದು ಮುಂದಿನದು. 1984ರ ಕೊನೆಯ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4. ವಿಧಾನಸಭೆಯಲ್ಲಿ ಅವರನ್ನ ಯಾರೂ ಕೆಡವಿರಲಿಲ್ಲ. ಆದ್ರೂ ಜನ ನಮ್ಮನ್ನ ಒಪ್ಪಿಲ್ಲ ಅಂತ ರಾಜೀನಾಮೆ ಕೊಟ್ಟು, ಹೊಸ ಚುನಾವಣೆ ಕೇಳಿದ್ರು. 1985ರ ಮಾರ್ಚ್‌ನಲ್ಲಿ 139 ಸೀಟು! ಈಗ ಯಾರ ಕೈಯನ್ನೂ ಎಣಿಸೋದು ಬೇಕಿರಲಿಲ್ಲ. ಇದರಲ್ಲಿ ಲೆಕ್ಕಾಚಾರ ಇರಲಿಲ್ಲ ಅಂತ ನಾನು ಹೇಳಲ್ಲ. ಇತ್ತು. ಆದ್ರೆ ಲೆಕ್ಕ ತಪ್ಪಿದ್ರೆ ಹೋಗ್ತಿದ್ದದ್ದು ಅವರದೇ ಕುರ್ಚಿ.

ಶಿರಸಿಗೆ ಬರೋ ಮುಂಚೆ ಬೊಮ್ಮಾಯಿ ವಿಷಯ ಎರಡೇ ಸಾಲು. 1988ರಲ್ಲಿ ಹೆಗಡೆ ನಂತರ ಸಿಎಂ ಆದ ಬೊಮ್ಮಾಯಿ, ಬಹುಮತ ಇಲ್ಲ ಅಂತ ದೂರು ಬಂದಾಗ "ಸದನದಲ್ಲೇ ತೋರಿಸ್ತೀನಿ" ಅಂದ್ರೂ ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ. ಅದೇ ಕೇಸಿನಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳ ಪೀಠ ಹೇಳ್ತು: ಬಹುಮತ ಅಳೆಯೋ ಜಾಗ ರಾಜಭವನ ಅಲ್ಲ, ವಿಧಾನಸಭೆ.

ಅದಕ್ಕೇ 2019ರಲ್ಲಿ ನಾವೆಲ್ಲ ಟೀವಿ ಮುಂದೆ ಕೂತು ತಲೆ ಎಣಿಸಿದ್ದು. ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲು, ನೆನಪಿರಬಹುದು.

ಈಗ ಯಲ್ಲಾಪುರ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ಶಿವರಾಮ ಹೆಬ್ಬಾರ್ ಗೆದ್ದಿದ್ದು ಸುಮಾರು 1,500 ವೋಟಿನ ಅಂತರದಲ್ಲಿ. ಈ ಕ್ಷೇತ್ರಕ್ಕೆ ಶಿರಸಿ ತಾಲೂಕಿನ ಬನವಾಸಿ ಕಡೆಯೂ ಸೇರುತ್ತೆ, ಬನವಾಸಿ ದೋಸ್ತರೇ, ಇದು ನಿಮ್ಮನೆ ವೋಟಿನ ಕಥೆ. 2019ರ ಜುಲೈ ಮೊದಲ ವಾರ ಕುಮಾರಸ್ವಾಮಿ ಸರ್ಕಾರದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ರು, ಅವರಲ್ಲಿ ಹೆಬ್ಬಾರ್ ಒಬ್ಬರು. ಜುಲೈ 23ರಂದು ವಿಶ್ವಾಸಮತ: ಪರ 99, ವಿರೋಧ 105. ಸರ್ಕಾರ ಬಿತ್ತು. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ. 28ಕ್ಕೆ ಸ್ಪೀಕರ್ ರಮೇಶ್ ಕುಮಾರ್ 14 ಜನರನ್ನ ಅನರ್ಹ ಮಾಡಿದ್ರು, ಮೊದಲೇ ಮೂವರು ಆಗಿದ್ರು, ಒಟ್ಟು 17.

ಇಲ್ಲಿ ನಿಧಾನ ಓದಿ, ಗಣಿತ ಇದೆ. 224ರಲ್ಲಿ 17 ಹೋದ್ರೆ 207. ಅದರ ಅರ್ಧ ದಾಟೋಕೆ 104 ಸಾಕು. ಬಿಜೆಪಿ ಹತ್ರ ಇದ್ದದ್ದು 105. ಅವರಿಗೆ ಒಬ್ಬ ಶಾಸಕ ಕೂಡ ಹೆಚ್ಚಾಗಲಿಲ್ಲ, ಸದನವೇ ಚಿಕ್ಕದಾಯ್ತು. 29ರಂದು ಧ್ವನಿಮತದಲ್ಲೇ ವಿಶ್ವಾಸ ಗೆದ್ರು. ಆವತ್ತು ಯಲ್ಲಾಪುರದ ಹೆಸರಲ್ಲಿ ಹೌದು ಅನ್ನೋಕಾಗಲಿ, ಇಲ್ಲ ಅನ್ನೋಕಾಗಲಿ ಸದನದಲ್ಲಿ ಯಾರೂ ಇರಲಿಲ್ಲ.

ತಮಾಷೆ ಅಂದ್ರೆ ಸದನ ವಿಶ್ವಾಸ ಕೊಟ್ಟದ್ದು ಯಾವ ಮಂತ್ರಿಮಂಡಲಕ್ಕೆ? ಆಗ ಇದ್ದದ್ದು ಯಡಿಯೂರಪ್ಪ ಒಬ್ಬರೇ. ಮೊದಲ 17 ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಇರಾನಿನಲ್ಲಿ ಪಟ್ಟಿ ಮೊದಲು, ವೋಟು ಆಮೇಲೆ. ನಮ್ಮಲ್ಲಿ ಆ ಸಲ ವೋಟು ಮೊದಲು, ಪಟ್ಟಿ ಆಮೇಲೆ.

ರಮೇಶ್ ಕುಮಾರ್ ಬಿಟ್ಟ ಸ್ಪೀಕರ್ ಕುರ್ಚಿಗೆ ಜುಲೈ 31ರಂದು ಅವಿರೋಧವಾಗಿ ಆಯ್ಕೆಯಾಗಿದ್ದು ನಮ್ಮ ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ, ಹಿಂದೆ ಶಿಕ್ಷಣ ಮಂತ್ರಿಯಾಗಿದ್ದವರು. ಸದನದಲ್ಲಿ ತಲೆ ಎಣಿಸೋ ಕುರ್ಚಿ ಹೀಗೆ ಶಿರಸಿಗೆ ಬಂತು.

ಅನರ್ಹರಾದವರು ಮತ್ತೆ ಗೆಲ್ಲದೆ ಮಂತ್ರಿ ಆಗೋ ಹಾಗಿಲ್ಲ, 2003ರ 91ನೇ ತಿದ್ದುಪಡಿ ಹಾಗಂತ ಬೇಲಿ ಹಾಕಿದೆ. ಮಂತ್ರಿಗಳ ಸಂಖ್ಯೆ ಸದನದ ಶೇ. 15 ಮೀರಬಾರದು ಅಂದದ್ದೂ ಅದೇ, ನಮ್ಮಲ್ಲಿ ಸಿಎಂ ಸೇರಿ 34. ಹಾಗಾಗಿ ಸೀಟು ಖಾಲಿ ಇಟ್ಕೊಂಡು ಕಾಯೋ ಕೆಲಸ ಶುರುವಾಯ್ತು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು, ಆದ್ರೆ ಉಪಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳ್ತು. ಡಿಸೆಂಬರ್ 5ಕ್ಕೆ ಯಲ್ಲಾಪುರ, ಮುಂಡಗೋಡ, ಬನವಾಸಿಯ ಜನ ಒಂದೂವರೆ ವರ್ಷದಲ್ಲಿ ಎರಡನೇ ಸಲ ಕ್ಯೂ ನಿಂತ್ರು. ಅದೇ ಹೆಬ್ಬಾರ್, ಚಿಹ್ನೆ ಮಾತ್ರ ಈ ಸಲ ಕಮಲ. ಅಂತರ 30 ಸಾವಿರ ದಾಟಿತು.

2020ರ ಫೆಬ್ರವರಿ 6ರಂದು ಅವರು ಪ್ರಮಾಣವಚನ ತಗೊಂಡ್ರು, ಖಾತೆ ಕಾರ್ಮಿಕ ಇಲಾಖೆ. ಮಂತ್ರಿಯೊಬ್ಬರ ಹೆಸರಿಗೆ ಬಿಡಿಯಾಗಿ ವೋಟು ಬಿದ್ದದ್ದು ನಮ್ಮ ಕಡೆ ಇದೊಂದೇ ಸಲ ಅನ್ಸುತ್ತೆ, ಅದೂ ಸದನದಲ್ಲಲ್ಲ. ಬೂತಿನಲ್ಲಿ.

ಆ ಉಪಚುನಾವಣೆಯಲ್ಲಿ ನಿಮ್ಮನೇಲಿ ಏನು ಮಾತಾಡ್ಕೊಂಡ್ರು? ಅಜ್ಜ, ಅಪ್ಪಯ್ಯನ್ನ ಕೇಳಿ ಕಮೆಂಟ್ ಹಾಕಿ, ಬೈಗುಳ ಬಿಟ್ಟು. ಮುಂದಿನ ಕ್ಯಾಪ್ಶನ್ ನೀರ್ ಸಾಬ್ ಮೇಲೆ.