ತಂತ್ರಾಂಶ ಬರೆದವರು ಮಾರುಕಟ್ಟೆಯನ್ನೂ ಏಕೆ ಕಲಿಯಬೇಕು?

ಒಳ್ಳೆಯ ತಂತ್ರಾಂಶ ಬರೆದರೆ ಸಾಕು, ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂಬ ನಂಬಿಕೆ ಡೆವಲಪರ್‌ಗಳಲ್ಲಿ ಬಲವಾಗಿದೆ. ಮಾರ್ಕೆಟಿಂಗ್ ಏನಿದ್ದರೂ ಆಮೇಲಿನ ಮಾತು, ಅದಕ್ಕೆ ಬೇರೆಯವರಿದ್ದಾರೆ ಎಂಬ ಧೋರಣೆ. ದೊಡ್ಡ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುವವರ ಮಟ್ಟಿಗೆ ಇದು ನಡೆದೀತು. ಸ್ವಂತದ್ದೊಂದು ಆ್ಯಪ್ ಮಾಡಿ ಬದುಕಹೊರಟವರಿಗೆ ನಡೆಯದು. ಮಾರಾಟವನ್ನು ನಿರ್ಧರಿಸುವ ಎಷ್ಟೋ ಸಂಗತಿಗಳು ಕೋಡಿನೊಳಗೇ ಅಡಗಿರುತ್ತವೆ. ಅಲ್ಲಿಗೆ ಕೈಹಾಕಬಲ್ಲವರು ಅದನ್ನು ಬರೆದವರೇ.

ಮಾರ್ಕೆಟಿಂಗ್‌ನ ವ್ಯಾಪ್ತಿ

ಜಾಹೀರಾತು ಮಾರ್ಕೆಟಿಂಗ್‌ನ ಒಂದು ತುಣುಕು ಮಾತ್ರ. ಈ ತಂತ್ರಾಂಶ ಯಾರಿಗೆ ಬೇಕು, ಅವರು ಸದ್ಯ ಆ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತಿದ್ದಾರೆ, ಎಷ್ಟು ದುಡ್ಡು ಕೊಟ್ಟಾರು, ಮೊದಲ ಸಲ ತೆರೆದಾಗ ಅವರಿಗೆ ಏನು ಕಾಣಬೇಕು ಎಂಬುದೆಲ್ಲ ಮಾರ್ಕೆಟಿಂಗೇ.

ಟ್ಯಾಲಿ: ಲೆಕ್ಕ ಬರೆಯುವವರ ಕಡೆಯಿಂದ

ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಗಿರಣಿಗಳಿಗೆ ಕಚ್ಚಾವಸ್ತು, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಹುಟ್ಟಿದ ಅವರ ಕಂಪನಿಯ ಲೆಕ್ಕದ ತಂತ್ರಾಂಶವೇ ಟ್ಯಾಲಿ. ಆಗಿನ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ನೆನಪಿಟ್ಟುಕೊಳ್ಳಬೇಕಿತ್ತು. ಟ್ಯಾಲಿ ಆ ಗೋಜು ಬಿಟ್ಟು, ಲೆಡ್ಜರ್ ಪುಸ್ತಕದಲ್ಲಿ ಬರೆಯುವಂತೆ ಖಾತೆಯ ಹೆಸರನ್ನೇ ಬರೆಯಲು ಬಿಟ್ಟಿತು.

ಕೀಲಿಮಣೆಯಲ್ಲೂ ಇದೇ ವಿವೇಕ. ಎಫ್5 ಒತ್ತಿದರೆ ಪಾವತಿ, ಎಫ್6 ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ. ದಿನವಿಡೀ ವೋಚರ್ ಹಾಕುವ ಗುಮಾಸ್ತರಿಗೆ ಮೌಸ್ ಹಿಡಿಯುವ ಪ್ರಮೇಯವೇ ಬರುವುದಿಲ್ಲ. ಬೆರಳಿಗೆ ಕೂತ ಈ ಅಭ್ಯಾಸವನ್ನು ಬಿಟ್ಟು ಇನ್ನೊಂದು ತಂತ್ರಾಂಶಕ್ಕೆ ಹೋಗಲು ಯಾರಿಗೆ ಮನಸ್ಸಾಗುತ್ತದೆ? ಅದರ ಜತೆಗೆ ಊರೂರಿನ ಮಾರಾಟಗಾರರು, ಲೆಕ್ಕಪರಿಶೋಧಕರು, ಕಂಪ್ಯೂಟರ್ ತರಬೇತಿ ಕೇಂದ್ರಗಳು ಸೇರಿಕೊಂಡವು. ಟ್ಯಾಲಿ ಕಲಿತ ಹುಡುಗರು ಕೆಲಸಕ್ಕೆ ಸೇರಿದ ಅಂಗಡಿಯಲ್ಲೂ ಟ್ಯಾಲಿಯನ್ನೇ ಕೇಳಿದರು. "ಟ್ಯಾಲಿ ಬರುತ್ತಾ?" ಎಂಬುದು ಲೆಕ್ಕದ ಕೆಲಸದ ಸಂದರ್ಶನದಲ್ಲಿ ಮಾಮೂಲಿ ಪ್ರಶ್ನೆಯಾಯಿತು. ದುಡ್ಡು ಕೊಟ್ಟು ಹಾಕಿಸುವ ಯಾವ ಜಾಹೀರಾತಿಗೆ ಈ ಬಲ ಬಂದೀತು?

ಹಾಟ್‌ಮೇಲ್: ಪತ್ರದ ಕೊನೆಯ ಸಾಲು

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ತೆರೆದರು. ಹೋಗುವ ಪ್ರತಿ ಪತ್ರದ ಅಡಿಯಲ್ಲೂ ಹಾಟ್‌ಮೇಲ್‌ನಲ್ಲಿ ಉಚಿತ ಇ-ಮೇಲ್ ಪಡೆಯಿರಿ ಎಂಬ ಒಂದು ಸಾಲು ತಾನಾಗಿ ಸೇರಿಕೊಳ್ಳುತ್ತಿತ್ತು. ಬಂಡವಾಳ ಹಾಕಿದ್ದ ಟಿಮ್ ಡ್ರೇಪರ್ ಅವರ ಸಲಹೆಯಿದು. ಬಳಸುವವರ ಪತ್ರದಲ್ಲಿ ನಾವೇಕೆ ಕೈಯಾಡಿಸಬೇಕು ಎಂದು ಸ್ಥಾಪಕರು ಮೊದಲು ಹಿಂಜರಿದಿದ್ದರು. ಪ್ರಚಾರವನ್ನೇ ಮಾಡದ ಭಾರತದಲ್ಲೂ ಹಾಟ್‌ಮೇಲ್ ಹಬ್ಬಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಪ್ರೋಗ್ರಾಮರ್ ಕಣ್ಣಿಗೆ ಆ ಒಂದು ಸಾಲು ಸೇರಿಸುವುದು ಅರ್ಧ ಗಂಟೆಯ ಕೆಲಸ.

ಡ್ರಾಪ್‌ಬಾಕ್ಸ್: ಕೈಸುಟ್ಟ ಮೇಲೆ

ಜಾಹೀರಾತಿನ ಲೆಕ್ಕ ಹಾಕುವುದೂ ಡೆವಲಪರ್‌ಗೆ ಗೊತ್ತಿರಬೇಕು. ಕಡತಗಳನ್ನು ಆನ್‌ಲೈನಿನಲ್ಲಿ ಕಾಪಿಡುವ ಸೇವೆಯಾದ ಡ್ರಾಪ್‌ಬಾಕ್ಸ್‌ನ ಸ್ಥಾಪಕ ಡ್ರೂ ಹ್ಯೂಸ್ಟನ್ ಗೂಗಲ್ ಜಾಹೀರಾತು ಕೊಟ್ಟು ನೋಡಿದರು. ವರ್ಷಕ್ಕೆ 99 ಡಾಲರಿನ ಸೇವೆಗೆ ಒಬ್ಬ ಗ್ರಾಹಕರನ್ನು ತರಲು 200 ಡಾಲರಿಗೂ ಮೀರಿ ಖರ್ಚಾಗುತ್ತಿತ್ತು. ಬದಲಿಗೆ ಗೆಳೆಯರನ್ನು ಕರೆತಂದರೆ ಇಬ್ಬರಿಗೂ ಹೆಚ್ಚುವರಿ ಜಾಗ ಕೊಡುವ ವ್ಯವಸ್ಥೆಯನ್ನು ತಂತ್ರಾಂಶದೊಳಗೇ ಕಟ್ಟಿದರು. 2008ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷವಿದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷವಾದರು. ಇದೇ ಮಂತ್ರ ಎಲ್ಲರಿಗೂ ಫಲಿಸದು: ಲೆಕ್ಕಪತ್ರದ ತಂತ್ರಾಂಶಕ್ಕೆ ಗೆಳೆಯರನ್ನು ಕರೆತನ್ನಿ ಎಂದರೆ ಯಾರು ಬರುತ್ತಾರೆ?

ಒಬ್ಬರೇ ನಡೆಸುವ ವ್ಯಾಪಾರ

ಬಂಡವಾಳವಿಲ್ಲದ ಒಂಟಿ ಡೆವಲಪರ್‌ಗಳಿಗೆ ಇವಕ್ಕಿಂತ ಹತ್ತಿರದ ಪಾಠ ಪ್ಯಾಟ್ರಿಕ್ ಮೆಕೆನ್ಸಿ ಅವರದು. ಜಪಾನಿನಲ್ಲಿ ನೌಕರಿಯಲ್ಲಿದ್ದುಕೊಂಡೇ 2006ರಲ್ಲಿ ಅವರು ಶಾಲಾ ಶಿಕ್ಷಕರಿಗಾಗಿ ಬಿಂಗೋ ಆಟದ ಕಾರ್ಡು ಅಚ್ಚುಹಾಕುವ ಪುಟ್ಟ ತಂತ್ರಾಂಶ ಬಿಡುಗಡೆ ಮಾಡಿದರು. ಕೋಡಿನ ದೃಷ್ಟಿಯಿಂದ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಶಿಕ್ಷಕರು ಗೂಗಲ್‌ನಲ್ಲಿ ಹುಡುಕುವುದು ತಂತ್ರಾಂಶವನ್ನಲ್ಲ, ನಾಳಿನ ಪಾಠಕ್ಕೆ ಬೇಕಾದ ಕಾರ್ಡುಗಳನ್ನು ಎಂಬುದನ್ನು ಅವರು ಗಮನಿಸಿದರು. ಒಂದೊಂದು ಹಬ್ಬಕ್ಕೆ, ಒಂದೊಂದು ಪಾಠಕ್ಕೆ ಬೇರೆಬೇರೆ ಪುಟ ಮಾಡಿದರು. ಪುಟಗಳನ್ನು ತಯಾರಿಸಲೂ ಪ್ರೋಗ್ರಾಂ ಬರೆದರು. ಕೋಡಿಂಗ್ ಬಲ್ಲವರಿಗೆ ಮಾರ್ಕೆಟಿಂಗ್‌ನಲ್ಲಿರುವ ಅನುಕೂಲ ಇದೇ.

ಎಲ್ಲಿ ನಿಲ್ಲಿಸಬೇಕು

ಹಬ್ಬುವ ಉಪಾಯ ಅತಿಯಾದರೆ ಕಿರುಕುಳ. ಬಳಕೆದಾರರ ಹೆಸರಿನಲ್ಲಿ ಅವರ ಪರಿಚಿತರಿಗೆ ಮತ್ತೆಮತ್ತೆ ಆಹ್ವಾನ ಕಳಿಸಿದ್ದಕ್ಕೆ ಹೂಡಿದ್ದ ಮೊಕದ್ದಮೆಯಲ್ಲಿ ಲಿಂಕ್ಡ್‌ಇನ್ 2015ರಲ್ಲಿ 1.3 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಅಂಥ ಕೋಡನ್ನೂ ಬರೆಯುವವರು ಡೆವಲಪರ್‌ಗಳೇ. ಬೇಡ ಎನ್ನಬೇಕಾದರೂ ವಿಷಯ ತಿಳಿದಿರಬೇಕು.

ಇದನ್ನೆಲ್ಲ ಕಲಿಯಲು ಎಂಬಿಎ ಪದವಿ ಬೇಕಿಲ್ಲ. ನಿಮ್ಮ ತಂತ್ರಾಂಶವನ್ನು ಬಳಸಬೇಕಾದವರ ಪಕ್ಕದಲ್ಲಿ ಅರ್ಧ ದಿನ ಕುಳಿತು, ಬಾಯಿ ಬಿಡದೆ, ಅವರು ಕೆಲಸ ಮಾಡುವುದನ್ನು ನೋಡಿ. ಹೊಸ ಫೀಚರ್ ಸೇರಿಸುವ ಯೋಚನೆ ಆಮೇಲೆ ಮಾಡಿ.